ಸೂರಮ್ಮ ನೇಯ್ದ ತೆರೆ

ಹನಿ ಬೀಳುತ್ತದೋ ಇಲ್ಲವೋ, ಜೀವರತ್ನಂ ಅಯ್ಯನವರ ಗದ್ದದ ತುದಿಗೆ ಒಂದು ಬೆವರಹನಿ ಜೋತುಬಿದ್ದಿದೆ, ಈಗ ಬಿತ್ತು, ಇಲ್ಲ, ಇನ್ನೂ ಇದೆ, ಮೈಕಿನ ಜಾಲರಿಯ ಮೇಲೆ ಬಿದ್ದರೆ ಟಪ್ ಎಂದೀತು, ಆ ಟಪ್ಪನ್ನೂ ಕನ್ನಡಕ್ಕೆ ಇಳಿಸಬೇಕೇ ಎಂದು ಎರ್ರಿಸ್ವಾಮಿಗೆ ಒಳಗೊಳಗೇ ನಗು, ನಗಬಾರದು, ಇವತ್ತು ಶುಭ ಶುಕ್ರವಾರ, ದೇವರ ಮಗ ಸತ್ತ ದಿನಕ್ಕೆ ಶುಭ ಎಂದು ಅಚ್ಚು ಹಾಕಿಸಿದವರು ಯಾರೋ, ಅವರ ಪ್ರೆಸ್ಸಿನಲ್ಲಿ ಕರಡು ತಿದ್ದುವವನು ಅವತ್ತು ರಜೆ ಹಾಕಿದ್ದಿರಬೇಕು — ಅಯ್ಯನವರ ಎಡಗೈ ಮೇಲೇಳುತ್ತದೆ, ಯಾರೋ ದಾರ ಕಟ್ಟಿ ಎಳೆದಂತೆ ಎರ್ರಿಸ್ವಾಮಿಯ ಎಡಗೈಯೂ ಮೇಲೇಳುತ್ತದೆ, ಅವರು ತೆಲುಗಿನಲ್ಲಿ ಗುಡಾರಮು ಅನ್ನುತ್ತಾರೆ, ಇವನು ಅದೇ ಗಂಟಲು, ಅದೇ ಮೂಗು, ಅದೇ ನಿಟ್ಟುಸಿರು ಹಿಡಿದು ಗುಡಾರ ಅನ್ನುತ್ತಾನೆ, ಬಾಲದ ಮು ಕತ್ತರಿಸಿದರೆ ತೆಲುಗು ಕನ್ನಡವಾಯಿತು, ಇಷ್ಟಕ್ಕೆ ಬಿ.ಎ. ಓದಬೇಕಿತ್ತೇ, ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮು, ದುರ್ಗದ ಬಸ್ಸಿನ ಏಜೆಂಟನ ಕೂಗು, ಮಾರ್ಕೆಟ್ಟಿನಲ್ಲಿ ಶೇಂಗಾ ಹರಾಜು ಕೂಗುವವನ ಮೂಗುದನಿ, ಎಲ್ಲ ಮಾಡಿ ಮೂರು ವರ್ಷವೂ ಕಪ್ಪು ಗೆದ್ದವನು, ಕಪ್ಪು ಮನೆಯಲ್ಲಿ ಕಪ್ಪಾಗಿ ಕೂತಿದೆ, ಈಗ ವಾರವೆಲ್ಲ ಪ್ರೆಸ್ಸಿನಲ್ಲಿ ಬೇರೆಯವರ ಮದುವೆ ಕಾಗದ ತಿದ್ದುವುದು, ತಿಂಗಳಿಗೆರಡು ಸಲ ರಾಯದುರ್ಗದಿಂದ ಬರುವ ಈ ಬೋಧಕರ ಪಕ್ಕ ನಿಂತು ಅವರ ಬಾಯಾಗುವುದು. ಮೋಶೆಗೆ ನಾಲಗೆ ತೊದಲುತ್ತಿತ್ತು ಕಣಯ್ಯಾ, ಅವನ ಪರವಾಗಿ ಅಣ್ಣ ಆರೋನ ಮಾತಾಡಿದ, ನೀನು ನನ್ನ ಆರೋನ ಎಂದು ಅಯ್ಯನವರು ಒಮ್ಮೆ ಬೆನ್ನು ತಟ್ಟಿದ್ದರು, ಹಿಗ್ಗಿನಿಂದ ಹ್ಞೂಂ ಅಂದಿದ್ದ, ಆಮೇಲೆ ಓದಿ ನೋಡಿದರೆ ಮೋಶೆ ಬೆಟ್ಟದ ಮೇಲಿದ್ದಾಗ ಕೆಳಗೆ ಜನಕ್ಕೆ ಪೂಜಿಸಲು ಸುಳ್ಳುದೇವರಾಗಿ ಚಿನ್ನದ ಕರು ಎರಕ ಹೊಯ್ದು ಕೊಟ್ಟವನೂ ಆ ಆರೋನನೇ.

ಬೆನ್ನ ಹಿಂದೆ ತೆರೆ ಇದೆ, ತಿರುಗಿ ನೋಡಬೇಕಿಲ್ಲ, ಫ್ಯಾನು ಈ ಕಡೆ ಮುಖ ಹೊರಳಿಸಿದಾಗಲೆಲ್ಲ ರೇಷ್ಮೆ ಉಬ್ಬಿ ಬಂದು ಬೆವೆತ ಅಂಗಿಗೆ ತಾಗಿ ಹೋಗುತ್ತದೆ, ಹಸುವೊಂದು ಹಿಂದಿನಿಂದ ಮೂಸಿದಂತೆ, ನೀಲಿ, ನೇರಳೆ, ಕಡುಗೆಂಪು, ಮೋಶೆಗೆ ದೇವರು ಹೇಳಿದ ಮೂರು ಬಣ್ಣ, ನಡುವೆ ಎದುರುಬದುರು ನಿಂತ ಎರಡು ರೆಕ್ಕೆಯವು, ಕೈ ಎತ್ತಿದರೆ ಸಿಗುವ ಎತ್ತರದಲ್ಲಿ ಗೇಣಗಲ ಜರಿಪಟ್ಟಿ. ಗೋಡೆ ಗಡಿಯಾರದಲ್ಲಿ ಎರಡೂ ಇಪ್ಪತ್ತು. ಮೂರಕ್ಕೆ ಸರಿಯಾಗಿ ಅಯ್ಯನವರು ಈ ತೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಹೋಳಾಗಿ ಹರಿಯುತ್ತಾರೆ, ಅದಕ್ಕೆಂದೇ ಮಾಡಿಸಿದ್ದು, ಶಿಲುಬೆಯ ಮೇಲೆ ಆತ ಪ್ರಾಣ ಬಿಟ್ಟ ಗಳಿಗೆಯಲ್ಲಿ ಯೆರೂಸಲೇಮಿನ ಗುಡಿಯ ತೆರೆ ಹರಿದಂತೆ ಇದೂ ಹರಿಯಬೇಕು, ಕೂತ ಎಂಬತ್ತು ಜನ ಬೆಚ್ಚಿಬೀಳಬೇಕು, ಇಷ್ಟು ವರ್ಷ ಹೇಳಿದೆ, ಈ ವರ್ಷ ತೋರಿಸ್ತೀನಿ ಎಂದಿದ್ದರು ಅಯ್ಯನವರು. ಮೊದಲ ಸಾಲಿನ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಎವೆಯಿಕ್ಕದೆ ತೆರೆಯನ್ನೇ ನೋಡುತ್ತ ಸೂರಮ್ಮ ಕೂತಿದ್ದಾಳೆ, ನೇಯ್ದವಳು. ಅವಳಿಗೆ ಅದು ಹರಿಯುವುದು ಗೊತ್ತಿಲ್ಲ, ಅಯ್ಯನವರಿಗೆ ಅದು ಹರಿಯದಿರುವುದು ಗೊತ್ತಿಲ್ಲ, ಎರಡೂ ಗೊತ್ತಿರುವವನು ಮೈಕಿನ ಮುಂದೆ ನಿಂತು ಜಾಲೀಮರದ ಹಲಗೆಗಳಿಗೆ ಚಿನ್ನದ ತಗಡು ಹೊದಿಸಿದರು ಎಂದು ಹೇಳುತ್ತಿದ್ದಾನೆ, ಜಾಲಿ ಎಂದದ್ದೇ ಜನ ತಲೆಯಾಡಿಸಿದರು, ಜಾಲಿಗೆ ಚಳ್ಳಕೆರೆಯಲ್ಲಿ ಬರವಿಲ್ಲ, ಚಿನ್ನಕ್ಕಿರಬಹುದು.

ಹೋದ ಸಲ ಗುಡಾರದ ಏಳು ಕವಲಿನ ದೀಪಕ್ಕೆ ಅಯ್ಯನವರು ಯಾವುದೋ ಎಣ್ಣೆ ಅಂದಾಗ ಇವನ ಬಾಯಿಂದ ಶೇಂಗಾ ಎಣ್ಣೆ ಎಂದೇ ಬಂದಿತ್ತು, ಸಭೆ ಖುಷಿಯಾಗಿ ನಕ್ಕಿತ್ತು, ಏಕೆ ನಕ್ಕರು ಎಂದು ಅಯ್ಯನವರು ಕೇಳಿದರೆ ಆನಂದ ತಡೆಯಲಾಗದೆ ಎಂದಿದ್ದ, ಸುಳ್ಳಲ್ಲ, ಗಿರಣಿ ಸಾಲಿನ ಹಿಂದಿನ ಈ ಪ್ರಾರ್ಥನಾ ಮಂದಿರ ನಾಲ್ಕು ವರ್ಷದ ಕೆಳಗೆ ಶೇಂಗಾ ಮೂಟೆ ಒಟ್ಟುತ್ತಿದ್ದ ಗೋದಾಮು, ಸುಣ್ಣ ಬಳಿದರೂ ಹಿಂಡಿಯ ವಾಸನೆ ಹೋಗಿಲ್ಲ, ಬಿಸಿಲೇರಿದರೆ ಗೋಡೆಯೇ ಎಣ್ಣೆ ಬೆವರುತ್ತದೆ — ಸೂರಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಇವನ ಕಡೆ ನೋಡಿ ಹುಬ್ಬು ಹಾರಿಸಿದಳು, ಇನ್ನೂ ಎಷ್ಟೊತ್ತೋ ಎಂದು, ಇವನು ಕಣ್ಣು ತಪ್ಪಿಸಿದ. ಪಿಯುಸಿ ಓದಿದ ಎರಡು ವರ್ಷ ಮೊಳಕಾಲ್ಮೂರಿನಲ್ಲಿ ಅವಳ ಪಡಸಾಲೆಯಲ್ಲಿ ಮಲಗಿದವನು, ಪಡಸಾಲೆ ಅಂದರೆ ಮಗ್ಗ, ಮಗ್ಗದ ಪಕ್ಕ ಉಳಿದ ಮೂರು ಮೊಳ ಜಾಗ, ಹಟ್ಟಿಯಿಂದ ಅಪ್ಪ ಜೋಗಪ್ಪ ಒಂದು ಕಂಬಳಿ ಹೊದಿಸಿ ಬಿಟ್ಟುಹೋಗಿದ್ದ, ಯಾರ ಪರಿಚಯವೂ ಅಲ್ಲ, ಸಂತೆಯಲ್ಲಿ ಸಿಕ್ಕಿದವಳು, ನನ್ ಮಗ ಓದ್ತಾನಂತೆ ಕಣಕ್ಕ ಎಂದು ಅಪ್ಪ ಅಂದಿದ್ದಕ್ಕೆ ಬಿಡು ಹಂಗಾದ್ರೆ ಇಲ್ಲೇ ಇರ್ಲಿ ಎಂದಿದ್ದಳು. ತೆಲುಗು ಕಲಿತದ್ದು ಅಲ್ಲಿ, ಲಾಳಿಯ ಸದ್ದಿನ ಮೇಲೆ ಕೂಗಿ ಮಾತಾಡುವ ತೆಲುಗು, ಏಂ ರಾ ಎರ್ರಿ, ಬುವ್ವ ತಿನ್ನಾವಾ, ಅನ್ನ ಉಂಡ್ಯಾ ಹುಚ್ಚಾ ಎಂದು, ತೆಲುಗಿನಲ್ಲಿ ಎರ್ರಿ ಅಂದರೆ ಹುಚ್ಚ, ನಿನ್ ಹೆಸರು ಇಟ್ಟೋರು ಮುಖ ನೋಡೇ ಇಟ್ಟವ್ರೆ ಕಣೋ ಎಂದು ದಿನಕ್ಕೊಮ್ಮೆ, ಅವಳ ದನಿಯ, ಅವಳ ನಗೆಯ ಅನುಕರಣೆ ಇವನಿಗೆ ಕೊನೆವರೆಗೂ ಬರಲಿಲ್ಲ, ಪ್ರಿನ್ಸಿಪಾಲರ ಕೆಮ್ಮು ಬಂತು, ಅದು ಬರಲಿಲ್ಲ.

ಯಾಜಕನ ನಿಲುವಂಗಿಯ ಅಂಚಿಗೆ ಸುತ್ತಲೂ ಚಿನ್ನದ ಗೆಜ್ಜೆ ಎಂದು ಅಯ್ಯನವರು, ಸುತ್ತಲೂ ಚಿನ್ನದ ಗೆಜ್ಜೆ ಎಂದು ಇವನು, ವರ್ಷಕ್ಕೊಂದೇ ದಿನ, ಒಬ್ಬನೇ ಒಬ್ಬ, ರಕ್ತ ಹಿಡಿದು, ತೆರೆಯ ಆಚೆ ಹೋಗುತ್ತಾನೆ, ಆಚೆ ಹೋದವನು ಬದುಕಿದ್ದಾನೆಂದು ಹೊರಗಿನವರಿಗೆ ಗೊತ್ತಾಗುವುದು ಆ ಗೆಜ್ಜೆಯ ಸದ್ದಿನಿಂದ — ಆಚೆ ಏನೈತೆ ಎಂದು ಸೂರಮ್ಮನೂ ಕೇಳಿದ್ದಳು, ಶಿವರಾತ್ರಿ ಕಳೆದ ವಾರ, ಅಯ್ಯನವರ ದಪ್ಪ ಪುಸ್ತಕದ ಹಿಂಬದಿಯ ಬಣ್ಣದ ಚಿತ್ರ ಹಿಡಿದು ಇವನು ಮೊಳಕಾಲ್ಮೂರಿಗೆ ಹೋದಾಗ. ಏನೋ ಇದು, ಸೀರೇನಾ. ಅಲ್ಲಕ್ಕಾ, ತೆರೆ. ಯಾವ ದೇವ್ರಿಗೆ. ಏಸಪ್ಪನ ಗುಡಿಗೆ. ತೆರೆ ಹಿಂದೆ ಯಾವ ಮೂರ್ತಿ ಐತೆ. ಮೂರ್ತಿ ಇಲ್ಲ. ಮತ್ತೇನೈತೆ. ಏನೂ ಇಲ್ಲಕ್ಕಾ. ಏನೂ ಇಲ್ಲದ ಮನೆಗೆ ಬಾಗ್ಲು ಯಾಕೋ ಎಂದು ಅವಳು ಕಾಲಿಳಿಬಿಟ್ಟು ಕೂತ ಮಗ್ಗದ ಗುಂಡಿಯಿಂದಲೇ ನಕ್ಕಳು, ಇವನು ಬಿಡಿಸಿ ಹೇಳಿದ, ಹಿಂದಿನ ಕಾಲದಲ್ಲಿ ಇಸ್ರಾಯೇಲು ಅಂತ ಜನ ಇದ್ರು, ಅವರ ದೇವ್ರದು ಒಂದು ಪೆಟ್ಟಿಗೆ, ಗುಡಾರದಾಗೆ ಇಟ್ಟು ಮುಂದೆ ತೆರೆ ಕಟ್ತಿದ್ರು, ಊರು ಬಿಟ್ಟು ಊರಿಗೆ ಹೋಗುವಾಗ ಗುಡಾರ ಕಿತ್ತು, ಪೆಟ್ಟಿಗೆ ಹೆಗಲ ಮೇಲೆ ಹೊತ್ಕಂಡು ಹೋಗ್ತಿದ್ರು, ಅದಕ್ಕವಳು, ಹೊತ್ಕಂಡು ತಿರುಗೋ ದೇವ್ರಾ, ನಿಮ್ಮ ಹಟ್ಟಿ ದೇವ್ರು ಇದ್ದಂಗೆ ಬಿಡು, ಅಂದಳು. ರೆಕ್ಕೆ ಇರೋ ಇವು ಯಾವು, ಹಕ್ಕಿನಾ ಮನುಷ್ಯಾನಾ. ಎರಡೂ. ಮನುಷ್ಯರಿಗೆ ರೆಕ್ಕೆ ಹಚ್ಚೋದು ನನ್ನ ಮಗ್ಗಕ್ಕೆ ಗೊತ್ತಿಲ್ಲಪ್ಪ, ನವಿಲು ಐತೆ, ಹಂಸ ಐತೆ, ಯಾವ್ದು ಬೇಕೋ ಹೇಳು. ನವಿಲು ಅಂದ, ಹಾಗಾಗಿ ಮೋಶೆಯ ಕೆರೂಬಿಗಳು, ರೆಕ್ಕೆಯ ದೇವದೂತರು, ಮೊಳಕಾಲ್ಮೂರಿನಲ್ಲಿ ನವಿಲಾದವು, ಅಯ್ಯನವರು ನೋಡಿ, ರೆಕ್ಕೆ ಇದೆಯಲ್ಲ ಸಾಕು, ಅಂದರು. ಕೂಲಿ ಬ್ಯಾಡ ಕಣೋ, ನೂಲು ಬಣ್ಣ ತಂದ್ಕೊಡು ಸಾಕು, ಇಷ್ಟು ವರ್ಷ ಮದುಮಕ್ಕಳಿಗೇ ನೇಯ್ದೆ, ದೇವ್ರ ಬಟ್ಟೆ ನನ್ನ ಪಾಲಿಗೆ ಬಂದಿದ್ದು ಇದೊಂದೇ ಸಲ, ಎಂದು ನೇಯ್ದ ಮೂವತ್ತು ದಿನವೂ ತಲೆಗೆ ನೀರು ಹಾಕಿಕೊಂಡೇ ಗುಂಡಿಗೆ ಇಳಿದಳಂತೆ. ಮುಗಿದ ದಿನ ಬಟ್ಟೆ ಮಡಿಸಿ ಇವನ ಕೈಗಿಡುವಾಗ ಕೇಳಿದಳು, ಯಾವತ್ತು ಸರಿಸ್ತಾರೆ. ಅವಳಿಗೆ ಗೊತ್ತಿರುವ ತೆರೆ ಅದು, ಗುಡಿಯಲ್ಲಿ ಪೂಜಾರಿ ಅಲಂಕಾರ ಮುಗಿಸುವವರೆಗೂ ಎಳೆದಿರುತ್ತದೆ, ಜನ ಕತ್ತು ಉದ್ದ ಮಾಡಿ ನಿಂತಿರುತ್ತಾರೆ, ಗಂಟೆ ಹೊಡೆದು ಸರ್ರನೆ ಸರಿಸುತ್ತಾನೆ, ಒಳಗೆ ದೇವರು. ಯಾವತ್ತು ಸರಿಸ್ತಾರೋ. ಶುಭ ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಎಂದ ಇವನು. ಸರಿಸ್ತಾರೆ ಎಂದು ಇವನು ಅನ್ನಲಿಲ್ಲ, ಅವಳು ಅಂದಳು, ಇವನು ವೇಳೆ ಮಾತ್ರ ಹೇಳಿದ, ತರ್ಜುಮೆ ಮಾಡುವವನು ಸುಳ್ಳು ಹೇಳುವುದಿಲ್ಲ, ಬಿಟ್ಟು ಹೇಳುತ್ತಾನೆ.

ಎರಡೂ ಮೂವತ್ತೈದು. ಹೇಳಬಹುದಿತ್ತು, ಅವತ್ತೇ ಹೇಳಬಹುದಿತ್ತು, ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದಳು, ಬಸ್ಸು ಅರ್ಧ ಗಂಟೆ ತಡ, ಆ ಅರ್ಧ ಗಂಟೆ ಇವನು ಕಂಡಕ್ಟರನ ಅನುಕರಣೆ ಮಾಡಿ ಅವಳನ್ನು ನಗಿಸಿದ, ಹೇಳಿದ್ದರೆ ಬಟ್ಟೆ ಕೊಡುತ್ತಿರಲಿಲ್ಲ, ಕೊಡದಿದ್ದರೆ ಅಯ್ಯನವರ ಮುಂದೆ ಮುಖ ಇರುತ್ತಿರಲಿಲ್ಲ, ಆಮೇಲೆ ಹೇಳಿದರಾಯಿತು, ಹರಿದ ಮೇಲೆ, ಹಳೆಯದಾದ ಮೇಲೆ, ಅವಳೇನು ಮೊಳಕಾಲ್ಮೂರು ಬಿಟ್ಟು ಬರುವವಳೇ ಎಂದುಕೊಂಡಿದ್ದ, ಬಂದಳು, ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ. ಅದಕ್ಕೆ ಮುಂಚೆ, ಎಂಟು ಗಂಟೆಗೆ, ಅಯ್ಯನವರು ಅರ್ಧ ಬ್ಲೇಡು ಕೊಟ್ಟು, ರೇಷ್ಮೆ ಸುಮ್ಮನೆ ಹರಿಯೋದಿಲ್ಲಯ್ಯಾ, ಜರಿಪಟ್ಟಿಯ ನಡುಮಧ್ಯಕ್ಕೆ ಎರಡು ಬೆರಳಷ್ಟು ಸೀಳಿಡು, ದೂರಕ್ಕೆ ಕಾಣಬಾರದು ಎಂದಿದ್ದರು, ಇವನು ಸ್ಟೂಲು ಹತ್ತಿ ಸೀಳಿದ, ಜರಿ ಕತ್ತರಿಸುವಾಗ ಚಿಟ್ ಚಿಟ್ ಅಂದಿತು, ತನ್ನದೇ ಅಂಗಿಯ ಗುಂಡಿ ಕಿತ್ತುಕೊಂಡಂತೆ ಎದೆ ತಣ್ಣಗಾಯಿತು, ಅಷ್ಟೇ, ಮುಗಿಯಿತು ಎಂದುಕೊಂಡ. ಹತ್ತಕ್ಕೆ ಬಾಗಿಲಲ್ಲಿ ಸೂರಮ್ಮ. ಮಂದಿರದ ಕೀಲಿ ನೋಡಿಕೊಳ್ಳುವ ಸಣ್ಣತಿಮ್ಮಪ್ಪ, ಯಾರಮ್ಮಾ ಬೇಕಾಗಿತ್ತು ಎಂದ, ನನ್ ಬಟ್ಟೆ ನೋಡಾಕೆ ಬಂದೀನಪ್ಪ ಎಂದು ಚಪ್ಪಲಿ ಬಿಟ್ಟು ನೇರ ತೆರೆಯ ಹತ್ತಿರ ಹೋದಳು, ಕೆಳಗಿನಿಂದ ಮೇಲಕ್ಕೆ ಅಂಗೈ ಆಡಿಸಿದಳು, ಅಪ್ಪ ಕುರಿ ಕೊಳ್ಳುವಾಗ ಉಣ್ಣೆಯೊಳಗೆ ಕೈ ಆಡಿಸುತ್ತಾನಲ್ಲ ಹಾಗೆ, ಜರಿಪಟ್ಟಿಗೆ ಬಂದದ್ದೇ ಕೈ ನಿಂತಿತು. ಅಯ್ಯೋ, ಇಲಿ ಹೊಡೆದೈತಲ್ಲೋ. ನಮ್ಮಲ್ಲಿ ಇಲಿ ಇಲ್ಲಮ್ಮ, ದೇವರ ಮನೆ ಇದು, ಎಂದು ಸಣ್ಣತಿಮ್ಮಪ್ಪನಿಗೆ ರೋಷ. ಶೇಂಗಾ ಗೋಡೌನಿನಾಗೆ ಇಲಿ ಇಲ್ಲ ಅಂದ್ರೆ ನಂಬ್ಲಾ ನಾನು, ಎಂದು ಅವಳು. ಇಬ್ಬರೂ ಇವನ ಮುಖ ನೋಡಿದರು, ಆ ಗಳಿಗೆಯಲ್ಲಿ ಹೇಳಬೇಕಿತ್ತು, ಬಾಯಿ ತೆರೆದ, ಇಲಿ ಅಲ್ಲಕ್ಕಾ, ಹೆಗ್ಗಣ, ಎಂದುಬಿಟ್ಟ, ಅದನ್ನೂ ಕೀರಲು ದನಿಯಲ್ಲಿ, ಅವಳು ನಕ್ಕಳು, ಆ ನಗೆ, ನಕ್ಕು ಚೀಲದಿಂದ ಸೂಜಿ ತೆಗೆದಳು, ಅದೇ ಬಣ್ಣದ ಉಳಿದ ಎಳೆಗಳನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು, ನೇಕಾರರ ಮನೆಯವರು ಹಾಗೇ, ಹರಿದದ್ದು ಎಲ್ಲಿ ಕಂಡರೂ ಯಾರದೆಂದು ಕೇಳದೆ ಕೂಡಿಸುತ್ತಾರೆ, ಬಸ್ಸಿನಲ್ಲಿ ಪಕ್ಕದವಳ ಸೆರಗಾದರೂ ಸರಿ. ಸ್ಟೂಲಿನ ಮೇಲೆ ನಿಂತು, ಎಳೆಯ ತುದಿಯನ್ನು ನಾಲಗೆಗೆ ತಾಗಿಸಿ, ಒಂದೊಂದೇ ಎಳೆ, ಗಂಟೆಗೂ ಹೆಚ್ಚು ಹೊತ್ತು, ಹಿಂದಿನಿಂದ ಒಂದು ಪಟ್ಟಿಯನ್ನೂ ಕೊಟ್ಟು ಹೊಲಿದು ಕೆಳಗಿಳಿದಳು, ಇನ್ನು ನಾಲ್ಕು ಜನ ಜಗ್ಗಿದ್ರೂ ಬರಾಕಿಲ್ಲ, ಅಂದಳು. ಮತ್ತೆ ಸೀಳೋಣವೆಂದು ಇವನು ಸುಳಿದಾಡಿದ, ಅವಳು ತೆರೆಯ ಬುಡದಲ್ಲೇ ಕಾಲು ಚಾಚಿ ಕೂತು ಡಬ್ಬಿ ಬಿಚ್ಚಿದಳು, ಬಾರೋ, ಚಿತ್ರಾನ್ನ ಐತೆ, ನಿನಗೇ ತಂದಿದ್ದು. ಇವತ್ತು ಇಲ್ಲಿ ಎಲ್ಲರಿಗೂ ಉಪವಾಸ, ಜೇಬಿನಲ್ಲಿ ಬ್ಲೇಡು, ಕೈಯಲ್ಲಿ ಚಿತ್ರಾನ್ನ, ಅಯ್ಯನವರು ಒಳಗೆ ಬಂದರು, ನೋಡಿದರು, ಕೆಲಸ ಆಯ್ತಾ ಎಂದಷ್ಟೇ ಕೇಳಿದರು, ಆಯ್ತು ಎಂದು ತುಂಬಿದ ಬಾಯಲ್ಲಿ ತಲೆಯಾಡಿಸಿದ, ಅದೂ ಸುಳ್ಳಲ್ಲ, ಆಗಿತ್ತು, ಆಮೇಲೆ ಆಗದಂತಾಗಿತ್ತು.

ಕುರಿಮರಿ ಎಂದು ಅಯ್ಯನವರು ಎರಡೂ ಕೈಯಲ್ಲಿ ಇಲ್ಲದ ಮರಿಯನ್ನು ಎತ್ತಿ ಎದೆಗವಚುತ್ತಾರೆ, ಎರ್ರಿಸ್ವಾಮಿಯೂ ಎತ್ತುತ್ತಾನೆ, ಇದರಲ್ಲಿ ಮಾತ್ರ ಅಯ್ಯನವರಿಗಿಂತ ಇವನೇ ಮೇಲು, ಮರಿಯ ಹಿಂಗಾಲು ಹೇಗೆ ಹಿಡಿಯಬೇಕೆಂದು ಹಟ್ಟಿಯಲ್ಲಿ ಹುಟ್ಟಿದವನ ಕೈಗೆ ಗೊತ್ತು, ಇಸ್ರಾಯೇಲರು ಗುಲಾಮಗಿರಿಯಿಂದ ಹೊರಬಿದ್ದ ಹಬ್ಬಕ್ಕೆ ಕುಂದಿಲ್ಲದ ಗಂಡುಮರಿ, ತಿಂಗಳ ಹತ್ತನೆಯ ದಿನ ಆರಿಸಿ ಮನೆಗೆ ತರಬೇಕು, ಹದಿನಾಲ್ಕನೆಯ ದಿನ ಸಂಜೆ ಕೊಯ್ಯಬೇಕು, ನಾಲ್ಕು ದಿನ ಮನೆಯಲ್ಲಿರಬೇಕು, ಅದರ ರಕ್ತ ಬಾಗಿಲ ಚೌಕಟ್ಟಿಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ, ನೋಡಿ ಮಕ್ಕಳೇ, ಕೈ ಎಲ್ಲೆಲ್ಲಿ ಹೋಯಿತು, ಶಿಲುಬೆ ಆಯಿತೋ ಇಲ್ಲವೋ, ಸಾವಿರ ವರ್ಷ ಮುಂಚೆಯೇ ಅವರಿಗೇ ಗೊತ್ತಿಲ್ಲದೆ ಅವರ ಕೈ ಶಿಲುಬೆ ಬರೆದಿತ್ತು, ಎಲ್ಲ ನೆರಳು, ಗುಡಾರ ನೆರಳು, ಮರಿ ನೆರಳು, ದೀಪ, ರೊಟ್ಟಿ, ತೆರೆ, ಎಲ್ಲ ಬರಲಿರುವ ಒಬ್ಬನ ನೆರಳು, ಎನ್ನುತ್ತಾನೆ ಎರ್ರಿಸ್ವಾಮಿ, ಎನ್ನುವುದು ಅಯ್ಯನವರು, ಮೈ ಜುಮ್ಮೆನ್ನುವುದು ಮಾತ್ರ ಇವನದು, ಪ್ರತಿ ಸಲವೂ, ಆದರೆ ಹಾಗೆಂದ ಮೇಲೆ ಅಪ್ಪ ಯಾರ ನೆರಳು, ದೇವರ ಎತ್ತು ಕಾಯುವ ಕಿಲಾರಿ ಜೋಗಪ್ಪ, ನೊಗ ಮುಟ್ಟದ, ಕುಂದಿಲ್ಲದ ಎತ್ತುಗಳ ಹಿಂದೆ ಕಾಲಿಗೆ ಚಪ್ಪಲಿಯಿಲ್ಲದೆ ಅರವತ್ತು ವರ್ಷ ನಡೆದವನು, ಅವನ ಕೈಯೂ ಗೊತ್ತಿಲ್ಲದೆ ಏನಾದರೂ ಬರೆಯುತ್ತಿದೆಯೇ, ಬರೆದರೆ ಓದುವವರು ಯಾರು. ಎರಡು ಮೇಕೆಯ ಕಥೆಯನ್ನು ಅಪ್ಪನಿಗೆ ಹೇಳಿದ್ದ, ವರ್ಷಕ್ಕೊಮ್ಮೆ ಎರಡು ಹೋತ ತರ್ತಿದ್ರಂತಪ್ಪ, ಒಂದನ್ನ ಕೊಯ್ತಿದ್ರು, ಇನ್ನೊಂದರ ತಲೆ ಮೇಲೆ ಕೈ ಇಟ್ಟು ಜನರ ತಪ್ಪನ್ನೆಲ್ಲ ಹೇರಿ ಕಾಡಿಗೆ ಬಿಡ್ತಿದ್ರು, ಎಂದರೆ ಅಪ್ಪ ಬೀಡಿ ಕೆಳಗಿಟ್ಟು, ಆ ಕಾಡಿಗೆ ಬಿಟ್ಟಿದ್ದನ್ನ ಕಾಯೋರು ಯಾರ್ಲಾ, ಎಂದಿದ್ದ, ಅದೇ ಪ್ರಶ್ನೆಯನ್ನು ಅಯ್ಯನವರಿಗೆ ಇವನು ಕೇಳಿದಾಗ ಅವರು, ಅದು ಮುಖ್ಯವಲ್ಲಯ್ಯಾ, ಅಂದಿದ್ದರು, ಅಪ್ಪನಿಗೆ ಅದೇ ಮುಖ್ಯ, ಇವನಿಗೆ ಯಾವುದು ಮುಖ್ಯ, ಯಾರ ದನಿಯಲ್ಲಿ ಕೇಳಿಕೊಂಡರೆ ಉತ್ತರ ಬರುತ್ತದೆ, ಪ್ರಿನ್ಸಿಪಾಲರ ದನಿಯಲ್ಲಿ ಕೇಳಿಕೊಂಡ, ಕೆಮ್ಮು ಬಂತು. ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡದ್ದು ಯಾಕೆ, ತಂದ ದಿನವೇ ಕೊಯ್ದಿದ್ದರೆ ಆಗುತ್ತಿರಲಿಲ್ಲವೇ, ನಾಲ್ಕು ದಿನ ಅದು ಹಿತ್ತಿಲಲ್ಲಿ ಬ್ಯಾ ಎನ್ನಬೇಕು, ಮನೆಯ ಹೆಣ್ಣುಮಗಳು ಸೊಪ್ಪು ತಿನ್ನಿಸಬೇಕು, ಹೆಸರಿಡಬೇಕು, ಆಮೇಲೆ, ಮೂವತ್ತು ದಿನ ತಲೆಗೆ ನೀರು ಹಾಕಿಕೊಂಡು, ಆಮೇಲೆ — ಎರ್ರಿಸ್ವಾಮಿ, ಎಂದು ಅಯ್ಯನವರು ಪಿಸುಗುಟ್ಟಿದರು, ಒಂದು ವಾಕ್ಯ ಹಿಂದೆ ಬಿದ್ದಿದ್ದಾನೆ, ಸಭೆ ಕಾಯುತ್ತಿದೆ, ಏನೆಂದರೋ ತಿಳಿಯದು, ದೇವರು ದೊಡ್ಡವನು ಎಂದ, ಯಾವುದಕ್ಕೂ ಹೊಂದುತ್ತದೆ.

ಮೂರಕ್ಕೆ ಎರಡು ನಿಮಿಷ, ಫ್ಯಾನು ಆರಿಸಲು ಸಣ್ಣತಿಮ್ಮಪ್ಪನಿಗೆ ಹೇಳಿತ್ತು, ಆರಿಸಿದ, ಸೆಕೆ ಒಮ್ಮೆಲೇ ಹೆಗಲ ಮೇಲೆ ಕೂತಿತು, ಅಯ್ಯನವರ ದನಿ ತಗ್ಗುತ್ತ ತಗ್ಗುತ್ತ ಹೋಗಿ ಆತ ತಲೆ ಬಾಗಿಸಿದನು ಎನ್ನುವಲ್ಲಿ ನಿಂತಿತು, ಇವನ ದನಿಯೂ ಅದೇ ಮೆಟ್ಟಿಲಲ್ಲಿ ನಿಂತಿತು, ಹೇಳಲೇ, ಈಗ ಮೈಕಿನಲ್ಲಿ ಹೇಳಲೇ, ಇದು ಹರಿಯುವುದಿಲ್ಲ ಎಂದು ಇವರಿಗೆ, ಇದನ್ನು ಹರಿಯುತ್ತಾರೆ ಎಂದು ಅವಳಿಗೆ, ಎರಡನ್ನೂ ಒಂದೇ ಉಸಿರಿನಲ್ಲಿ, ಸೂರಮ್ಮ ಚೀಲ ಕೆಳಗಿಟ್ಟು ಮೊಣಕಾಲ ಮೇಲೆ ಎದ್ದಿದ್ದಾಳೆ, ಕೈ ಮುಗಿದಿದ್ದಾಳೆ, ಕತ್ತು ಉದ್ದವಾಗಿದೆ, ಒಳಗೆ ಏನೂ ಇಲ್ಲ ಎಂದು ಇವನು ಎಷ್ಟು ಹೇಳಿದರೂ ನಂಬದವಳು, ಅಯ್ಯನವರು ತಿರುಗಿ ಎರಡೂ ಕೈಯಲ್ಲಿ ಜರಿಪಟ್ಟಿಯ ನಡುವನ್ನು ಹಿಡಿದರು, ಪೈನುಂಚಿ ಕಿಂದಿ ವರಕು, ಮೇಲಿನಿಂದ ಕೆಳಗಿನವರೆಗೆ ಎಂದು ಇವನ ಬಾಯಿ, ಎಳೆದರು. ತೆರೆ ತೂಗುಹಾಕಿದ ಸರಳಿನ ಬಳೆಗಳು ಝಲ್ಲೆಂದವು. ಮತ್ತೆ ಎಳೆದರು, ನವಿಲುಗಳ ಕತ್ತು ಓರೆಯಾಗಿ ಮತ್ತೆ ನೆಟ್ಟಗಾಯಿತು. ಮೂರನೆಯ ಸಲ ಕಾಲೂರಿ ಎಳೆದರು, ಆ ಬೆವರು ಈಗ ಧಾರೆ, ಕತ್ತನ್ನು ಇವನತ್ತ ಓರೆ ಮಾಡಿ ಹಲ್ಲುಕಚ್ಚಿ ಪಿಸುಗುಟ್ಟಿದರು, ಬ್ಲೇಡು ವೇಸಿನಾವಾ ಲೇದಾ, ಮೈಕಿನ ಮುಂದಿದ್ದ ಇವನ ಬಾಯಿ, ಮೂರು ವರ್ಷ ಯೋಚಿಸದೆ ತಿರುಗಿದ ಗಾಲಿ, ಅದೇ ಹಲ್ಲುಕಚ್ಚಿ, ಅದೇ ಪಿಸುದನಿಯಲ್ಲಿ ಇಡೀ ಸಭೆಗೆ ಕೇಳುವಂತೆ, ಬ್ಲೇಡು ಹಾಕಿದ್ದೀಯಾ ಇಲ್ಲವಾ, ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ಆಮೆನ್ ಎಂದರು.

ಸೂರಮ್ಮ ಕನ್ನಡಕ್ಕೆ ಕಾಯಬೇಕಿರಲಿಲ್ಲ, ತೆಲುಗಿನಲ್ಲೇ ಕೇಳಿಸಿಕೊಂಡಿದ್ದಳು, ಮಧ್ಯಾಹ್ನದಿಂದ ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡವಳು ಅವಳೊಬ್ಬಳೇ, ಹಿಂದಿನವರ ಕಥೆ ಎಂದು ಕೇಳಿಸಿಕೊಂಡಿದ್ದಳು, ಈಗ ಮುಗಿದ ಕೈ ಬಿಟ್ಟು ಎದ್ದು ನಿಂತಿದ್ದಾಳೆ, ಅಯ್ಯನವರ ಕೈಯನ್ನು ನೋಡಿದಳು, ಅವು ಹಿಡಿದ ಜಾಗವನ್ನು ನೋಡಿದಳು, ಇವನನ್ನು ನೋಡಿದಳು, ಬ್ಲೇಡಾ, ಎಂದಳು ಮೆಲ್ಲಗೆ. ಅಕ್ಕಾ, ಎಂದ, ಅಕ್ಕಾ ಎನ್ನುವುದು ಯಾರ ದನಿಯಲ್ಲಿ ಬಂತು, ಪ್ರಿನ್ಸಿಪಾಲರದೋ, ಏಜೆಂಟನದೋ, ಹುಡುಕಿದ, ಗಂಟಲಲ್ಲಿ ಎಲ್ಲರೂ ಇದ್ದರು, ಅಕ್ಕಾ, ಇದನ್ನ ಹರಿಯಾಕೇ ಮಾಡ್ಸಿದ್ದು, ಎಂದಿತು ಬಾಯಿ, ಅಯ್ಯನವರ ಮೂಗಿನಲ್ಲಿ, ಅಯ್ಯನವರ ನಿಟ್ಟುಸಿರಿನಲ್ಲಿ, ತನ್ನದೊಂದು ದನಿ ಇದ್ದಿದ್ದರೆ ಇವತ್ತು ಬರಬೇಕಿತ್ತು. ಕೂಗುತ್ತಾಳೆ ಎಂದುಕೊಂಡ, ಅಳುತ್ತಾಳೆ, ಬಟ್ಟೆ ಕಿತ್ತುಕೊಂಡು ಹೋಗುತ್ತಾಳೆ, ಹೋಗಲಿ, ಹೋದರೆ ಸಾಕು, ಅವಳು ವೇದಿಕೆ ಹತ್ತಿದಳು, ಇವನನ್ನು ದಾಟಿ ಅಯ್ಯನವರ ಎದುರು ನಿಂತು ತೆಲುಗಿನಲ್ಲಿ, ಬೈಗುಳವಿಲ್ಲದೆ, ನೂಲು ತಪ್ಪು ಬಣ್ಣದ್ದು ತಂದವನಿಗೆ ಹೇಳುವ ಹಾಗೆ, ಮುಂದೇ ಚೆಪ್ಪಿಂಟೇ ಚಿರಿಗೇಟಟ್ಟೇ ನೇಸಿಂಟಿ ಗದಯ್ಯಾ, ಎಂದಳು. ಅಯ್ಯನವರು ಬಟ್ಟೆ ಬಿಟ್ಟರು. ಸಭೆಗೆ ತೆಲುಗು ಬಾರದು, ಎಂಬತ್ತು ಮುಖ ಅಭ್ಯಾಸಬಲದಿಂದ ಇವನತ್ತ ತಿರುಗಿದವು, ತೆಲುಗು ಬಂತು, ಕನ್ನಡ ಎಲ್ಲಿ ಎಂದು, ಗಾಲಿ ತಿರುಗಿತು, ಮದ್ಲೇ ಹೇಳಿದ್ರೆ ಹರಿಯೋ ಹಂಗೇ ನೇಯ್ತಿದ್ದೆನಲ್ಲಯ್ಯಾ, ಎಂದ ಎರ್ರಿಸ್ವಾಮಿ ಮೈಕಿನಲ್ಲಿ, ಅವಳದೇ ಗಂಟಲು, ಅವಳದೇ ಎಳೆತ, ಹತ್ತು ವರ್ಷದಿಂದ ಬಾರದೆ ಇದ್ದದ್ದು ಈಗ ಒಂದು ಕೂದಲೂ ತಪ್ಪದೆ ಬಂತು, ಯಾರೂ ನಗಲಿಲ್ಲ. ಒಂಟಿ ಎಳೆ ಹಾಕಿ ಸಡಿಲಕ್ಕೆ ಬಿಡ್ತಿದ್ದೆ, ಎಂದು ಅವಳು ಈಗ ತೆರೆಗೇ ಹೇಳುತ್ತಿದ್ದಾಳೆ, ಕನ್ನಡದಲ್ಲಿ, ಜರಿಪಟ್ಟಿ ಮೇಲಕ್ಕೆ ಹಾಕ್ತಾನೇ ಇರ್ಲಿಲ್ಲ, ದೇವ್ರಿಗೆ ಕೊಡೋದು ಅಂದ್ಮೇಲೆ ಕೊಡೋದೇ, ಹಿಂಗೆ ಅರ್ಧಕ್ಕೆ ನಿಂತು ಎಳೆದಾಡಿ ಅದಕ್ಕೂ ಹಿಂಸೆ, ನಿಮಗೂ ಹಿಂಸೆ, ಸ್ಟೂಲು ಎಳೆದುಕೊಂಡು ಹತ್ತಿದಳು, ಬೆಳಿಗ್ಗೆ ಹೊಲಿದ ಜಾಗವನ್ನು ಕಣ್ಣು ಹಾಯಿಸದೆ ಬೆರಳಲ್ಲೇ ಹುಡುಕಿದಳು, ಆಚೆ ಎರಡು ಬೆರಳು, ಈಚೆ ಎರಡು ಬೆರಳು, ನಡುವೆ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿ ಹಿಡಿದಳು. ಬರ್ರಿ, ಎಂದಳು ಇವನಿಗೆ. ಎರ್ರಿ ಎನ್ನಲಿಲ್ಲ, ಬಾರೋ ಎನ್ನಲಿಲ್ಲ, ಬರ್ರಿ, ಇಲ್ಲಿ ಹಾಕ್ರಿ, ಪಟ್ಟಿ ದಾಟಿದ್ರೆ ಕೆಳಗಿಂದು ತಾನೇ ಹೋಗ್ತೈತೆ. ಜೇಬಿನ ಬ್ಲೇಡು ಯಾವಾಗ ಕೈಗೆ ಬಂತು, ಅಯ್ಯನವರು ಏನೋ ಹೇಳುತ್ತಿದ್ದಾರೆ, ವೇಯಿ ಎನ್ನುತ್ತಿದ್ದಾರೋ ವದ್ದು ಎನ್ನುತ್ತಿದ್ದಾರೋ, ಹಾಕು ಎಂದೋ ಬೇಡ ಎಂದೋ, ಎರಡೂ ತೆಲುಗೇ, ಮೂರು ವರ್ಷದಲ್ಲಿ ಮೊದಲ ಸಲ ಅರ್ಥವಾಗುತ್ತಿಲ್ಲ, ಮರಿಯ ಹಿಂಗಾಲು ಹಿಡಿದುಕೊಟ್ಟವರು ಯಾರು, ಆ ನಾಲ್ಕನೆಯ ದಿನ ಸಂಜೆ, ಸೊಪ್ಪು ತಿನ್ನಿಸಿದವಳೇ ಹಿಡಿದುಕೊಟ್ಟಳೇ, ಪುಸ್ತಕದಲ್ಲಿ ಅದಿಲ್ಲ, ಅವಳು ಇವನನ್ನು ನೋಡುತ್ತಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದಾಳೆ, ಉಗುರಿನ ಸಂದಿಯಲ್ಲಿ ನೀಲಿ ಇದೆ, ಆಚೆ ಎರಡು ಬೆರಳು, ಈಚೆ ಎರಡು ಬೆರಳು, ನಡುಗುತ್ತಿಲ್ಲ, ಮೈಕು ಗುಂಯ್ಗುಡುತ್ತಿದೆ, ಆಚೆ ಎರಡು, ಈಚೆ ಎರಡು, ನಡುವೆ ಅಷ್ಟಗಲ ಬಿಗಿದ ರೇಷ್ಮೆ, ಅದರ ಮೇಲೆ ಬ್ಲೇಡು ಹಿಡಿದ ಇವನ ಬೆರಳು.